ಕಡಲನೀರಿನ ಬೇಸಾಯ ಮತ್ತು ಇಂಗಾಲದ ಲೆಕ್ಕ

ಕಡಲನೀರು ಹಾಯಿಸಿ ಬರಡು ಕರಾವಳಿಯನ್ನು ಹಸಿರು ಮಾಡುವ ಯೋಜನೆಗಳನ್ನು ಈಚೆಗೆ ವಾತಾವರಣದ ಇಂಗಾಲ ಹೀರುವ ಉಪಾಯವೆಂದೇ ಬಣ್ಣಿಸಲಾಗುತ್ತಿದೆ. ಅವುಗಳ ನಿಜವಾದ ಬೆಲೆ ಇರುವುದು ಪೋಷಕಾಂಶಗಳ ಮರುಬಳಕೆಯಲ್ಲಿ. ಇಂಗಾಲದ ಲಾಭ ಅದರ ಹಿಂದೆ ಬರುವಂಥದ್ದು. ಮೆಕ್ಸಿಕೊದ ಸೊನೊರಾ ಮರುಭೂಮಿಯ ತೀರದಲ್ಲಿ ಆರು ವರ್ಷ ನಡೆದ ಪ್ರಯೋಗಗಳ ಫಲಿತಾಂಶ 1991ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬರಿಯ ಕಡಲನೀರು ಕುಡಿದ ಸ್ಯಾಲಿಕೋರ್ನಿಯಾ ಎಂಬ ಉಪ್ಪುನೆಲದ ಗಿಡ ಹೆಕ್ಟೇರಿಗೆ ಸರಾಸರಿ 17 ಟನ್ ಜೀವರಾಶಿ, 2 ಟನ್ ಬೀಜ ಕೊಟ್ಟಿತು, ಬೀಜದಲ್ಲಿ ಶೇ. 26ರಿಂದ 33ರಷ್ಟು ಎಣ್ಣೆಯಿತ್ತು. ಬೆಳೆಯಾಗಿ ಇದು ಸೋಯಾಬೀನಿಗೆ ಸರಿದೊರೆ. ಆದರೆ ಎಣ್ಣೆ ಉರಿದು, ಹಿಂಡಿ ಮೇವಾದೊಡನೆ ಅದರಲ್ಲಿದ್ದ ಇಂಗಾಲ ಮತ್ತೆ ಗಾಳಿ ಸೇರುತ್ತದೆ. ಇಂಥ ಯೋಜನೆಗಳ ಸಿಗಡಿ ಕೊಳದಲ್ಲಿ ಬೆಳೆಯುವ ಪಾಚಿಯದೂ ಇದೇ ಕಥೆ. ಒಂದು ಕಿಲೋ ಒಣ ಪಾಚಿ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿಯುತ್ತದೆ ನಿಜ, ಆದರೆ ಅದನ್ನು ತಿಂದ ಸಿಗಡಿ ಬಹುಪಾಲನ್ನು ಉಸಿರಾಗಿ ಹೊರಬಿಡುತ್ತದೆ.

ಕಡಲಲ್ಲಿ ಇಂಗಾಲಕ್ಕೆ ಬರವಿಲ್ಲ, ಬರ ಇರುವುದು ಸಾರಜನಕ, ರಂಜಕ, ಕಬ್ಬಿಣಗಳಿಗೆ. ಇದನ್ನು ಎರಿಟ್ರಿಯದ ಕೆಂಪು ಸಮುದ್ರದ ತೀರದಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಕಡಿಮೆ. ಮಳೆಗಾಲದ ಹಳ್ಳಗಳು ಕಡಲು ಸೇರುವಲ್ಲಿ ಮಾತ್ರ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಯುವುದನ್ನು ಜೀವವಿಜ್ಞಾನಿ ಗಾರ್ಡನ್ ಸಾಟೊ ಗಮನಿಸಿದರು. ಹಳ್ಳ ತರುವುದು ಸಿಹಿನೀರನ್ನಷ್ಟೇ ಅಲ್ಲ, ಗೊಬ್ಬರವನ್ನೂ ಎಂದು ತರ್ಕಿಸಿ, ತೂತು ಕೊರೆದ ಪ್ಲಾಸ್ಟಿಕ್ ಚೀಲದಲ್ಲಿ ಯೂರಿಯಾ ಮತ್ತು ಡಿಎಪಿ ತುಂಬಿ, ಜೊತೆಗೊಂದು ಕಬ್ಬಿಣದ ತುಂಡನ್ನಿಟ್ಟು ಸಸಿಯ ಬುಡದಲ್ಲಿ ಹೂಳಿಸಿದರು. ಹರ್ಗಿಗೊದ ಬೋಳು ತೀರದಲ್ಲಿ ಕಾಂಡ್ಲಾ ಎದ್ದಿತು, ಆಡುಗಳಿಗೆ ಸೊಪ್ಪಾಯಿತು. ಸಮೀಪದ ಮಸ್ಸಾವಾದಲ್ಲಿ ಕಡಲನೀರಿನ ತೋಟ ಕಟ್ಟಿದ ಕಾರ್ಲ್ ಹಾಜಸ್ ಗೊಬ್ಬರವನ್ನು ಚೀಲದಿಂದಲ್ಲ, ಸಿಗಡಿ ಕೊಳದಿಂದ ಪಡೆದರು: ಕಾಲುವೆಯ ಕಡಲನೀರು ಕೊಳಗಳನ್ನು ಹಾದು, ಅಲ್ಲಿನ ಹೊಲಸನ್ನು ಹೊತ್ತು ಸ್ಯಾಲಿಕೋರ್ನಿಯಾ ಹೊಲಕ್ಕೆ, ಅಲ್ಲಿಂದ ಕಾಂಡ್ಲಾಕ್ಕೆ ಹರಿಯುತ್ತಿತ್ತು. ಮರಳು ಬೇರಿಗೆ ಆಸರೆ ಮಾತ್ರ, ಆಹಾರವೆಲ್ಲ ನೀರಿನಲ್ಲೇ. ಒಂದರ್ಥದಲ್ಲಿ ಇದು ಬಯಲಿನ ಹೈಡ್ರೊಪೋನಿಕ್ಸ್.

ಉಪ್ಪಿನ ಆಕ್ಷೇಪ ಹಗುರವಾದದ್ದಲ್ಲ. ಲೀಟರಿಗೆ 35 ಗ್ರಾಂ ಉಪ್ಪಿರುವ ನೀರು ಒಂದು ಮೀಟರ್ ಆಳದಷ್ಟು ಆವಿಯಾದರೆ ಹೆಕ್ಟೇರಿನಲ್ಲಿ 350 ಟನ್ ಉಪ್ಪು ಉಳಿಯುತ್ತದೆ. ಗಿಡ ಕುಡಿಯುವುದಕ್ಕಿಂತ ಹೆಚ್ಚು ನೀರು ಹಾಯಿಸಿ, ಮಿಕ್ಕದ್ದು ಮರಳಿನಲ್ಲಿ ಬಸಿದು ಕಡಲಿಗೇ ಮರಳುವಂತಿದ್ದರೆ ಮಾತ್ರ ಈ ಬೇಸಾಯ ಬಾಳುತ್ತದೆ. ಆದ್ದರಿಂದ ಜೇಡಿ ನೆಲ, ಸಿಹಿ ಅಂತರ್ಜಲವಿರುವ ನೆಲ, ಪಂಪಿನ ಖರ್ಚೇ ಲಾಭವನ್ನು ನುಂಗುವ ಎತ್ತರದ ನೆಲ ಇದಕ್ಕೆ ಸಲ್ಲವು. ನಮ್ಮ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ, ಉಪ್ಪು ಸಹಿಸುವ ಕಗ್ಗ ಭತ್ತವನ್ನು ಇಲ್ಲಿ ಮಾದರಿಯಾಗಿ ಎತ್ತುವುದೂ ಸರಿಯಲ್ಲ. ಅಲ್ಲಿ ಮುಂಗಾರು ಉಪ್ಪನ್ನು ತೊಳೆಯುತ್ತದೆ, ಮಸ್ಸಾವಾಕ್ಕೆ ಅಂಥ ಮಳೆಯಿಲ್ಲ.

ಹಾಜಸ್‌ರ ತೋಟ ಕೆಲವೇ ವರ್ಷಗಳಲ್ಲಿ ಮುಚ್ಚಿತಲ್ಲ ಎನ್ನುವವರಿದ್ದಾರೆ. ಮುಚ್ಚಿದ್ದರಿಂದ ಗಿಡ ಉಪ್ಪುನೀರಿನಲ್ಲಿ ಬೆಳೆಯದು ಎಂದು ಸಿದ್ಧವಾಗುವುದಿಲ್ಲ. ಆದರೆ ಸಿಗಡಿ ಕೊಳ ನಿಂತರೆ ಹೊಲಕ್ಕೆ ಗೊಬ್ಬರವೂ ನಿಲ್ಲುತ್ತದೆ ಎಂಬ ದೌರ್ಬಲ್ಯವನ್ನು ಒಪ್ಪಲೇಬೇಕು. ಇನ್ನು ಇಂಗಾಲ ದೀರ್ಘಕಾಲ ಉಳಿಯುವ ಜಾಗ ಈ ಸರಪಳಿಯಲ್ಲಿ ಮುಖ್ಯವಾಗಿ ಒಂದೇ: ಆಮ್ಲಜನಕ ಸಾಲದೆ ಎಲೆ, ಬೇರು ತೀರ ನಿಧಾನವಾಗಿ ಕೊಳೆಯುವ ಕಾಂಡ್ಲಾದ ಕೆಸರು. ಇಂಗಾಲದ ಜಮೆ ಬರೆಯುವುದಾದರೆ ಆ ಕೆಸರನ್ನು ಅಳೆದು ಬರೆಯಬೇಕು; ಇದ್ದ ಕಾಂಡ್ಲಾವನ್ನೇ ಕಡಿದು ಸಿಗಡಿ ಕೊಳ ತೋಡಿದ ಕಡೆ ಅದನ್ನು ಖರ್ಚಿನ ಪುಟಕ್ಕೇ ಹಾಕಬೇಕು.