ಮಗುವಿನ ಶೀತ-ಕೆಮ್ಮು: ದುಡ್ಡು ಎಲ್ಲಿ ಪೋಲಾಗುತ್ತದೆ, ಎಲ್ಲಿ ಜೀವ ಉಳಿಸುತ್ತದೆ?

"ಶೀತಕ್ಕೆ ಮೊದಲೇ ಆಂಟಿಬಯಾಟಿಕ್ ಹಾಕಿಬಿಡಿ, ಇಲ್ಲದಿದ್ದರೆ ಕಫ ಎದೆಗಿಳಿದು ಆಸ್ಪತ್ರೆ ಖರ್ಚು ಬರುತ್ತದೆ." ಸಣ್ಣ ಮಕ್ಕಳಿರುವ ಮನೆಗಳಲ್ಲಿ ಆಗಾಗ ಕೇಳುವ ಮಾತಿದು. ಇದು ನಿಜವೇ?

ಅಲ್ಲ. ಮಕ್ಕಳ ಶೀತ-ಕೆಮ್ಮಿಗೆ ಬಹುಪಾಲು ವೈರಸ್‌ಗಳೇ ಕಾರಣ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು, ವೈರಸ್‌ಗಳನ್ನಲ್ಲ.

ಯಾವ ವೈರಸ್?

ಮುಖ್ಯವಾದವುಗಳಲ್ಲಿ ಒಂದು ಆರ್‌ಎಸ್‌ವಿ. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ಒಮ್ಮೆಯಾದರೂ ತಗಲುತ್ತದೆ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೆಲವರಲ್ಲಿ ಮಾತ್ರ ಶ್ವಾಸಕೋಶದ ಸಣ್ಣ ನಾಳಗಳು ಊದಿಕೊಂಡು ಉಸಿರಾಟ ಕಷ್ಟವಾಗುತ್ತದೆ. 2019ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರಿದರು, ಸುಮಾರು 1 ಲಕ್ಷ ಮಕ್ಕಳು ತೀರಿಕೊಂಡರು ಎಂದು ಅಂದಾಜು. ಸಾವುಗಳಲ್ಲಿ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ ಆದವು.

ಬೇಡದ ಖರ್ಚು

ಸಾಮಾನ್ಯ ಶೀತಕ್ಕೆ ಆಂಟಿಬಯಾಟಿಕ್, ರಕ್ತಪರೀಕ್ಷೆ, ಎಕ್ಸ್-ರೇ ಬೇಕಿಲ್ಲ. ಕೆಮ್ಮಿನ ಸಿರಪ್ ಕೂಡ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬಾರದು ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಮೂಗು ಕಟ್ಟಿದರೆ ಸಲೈನ್ ಹನಿ, ಜ್ವರವಿದ್ದರೆ ವೈದ್ಯರು ತೂಕ ನೋಡಿ ಹೇಳಿದಷ್ಟು ಪ್ಯಾರಾಸಿಟಮಾಲ್, ಮತ್ತೆ ಮತ್ತೆ ಎದೆಹಾಲು. ಇಷ್ಟು ಸಾಕು.

ತಡಮಾಡಬಾರದ ಖರ್ಚು

ಆರ್‌ಎಸ್‌ವಿಯನ್ನೇ ಗುಣಪಡಿಸುವ ಔಷಧ ಇಲ್ಲ. ಉಸಿರಾಟ ಕಷ್ಟವಾದ ಮಗುವನ್ನು ಉಳಿಸುವುದು ಆಕ್ಸಿಜನ್, ದ್ರವಾಹಾರ ಮತ್ತು ದಾದಿಯರ ಆರೈಕೆ. ಆಸ್ಪತ್ರೆ ಬಿಲ್ ಏರುವುದು ವಾರ್ಡ್ ಮತ್ತು ಐಸಿಯು ದಿನಗಳಿಂದ. ಅದರ ಮೇಲೆ ಅಪ್ಪ-ಅಮ್ಮನ ಕೂಲಿ ನಷ್ಟ, ಓಡಾಟ, ಊಟದ ಖರ್ಚು ಬೇರೆ.

ಮಗು ಅಳದೆ ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ:

• 2 ತಿಂಗಳೊಳಗೆ: 60 ಅಥವಾ ಹೆಚ್ಚು
• 2ರಿಂದ 12 ತಿಂಗಳೊಳಗೆ: 50 ಅಥವಾ ಹೆಚ್ಚು
• 1ರಿಂದ 5 ವರ್ಷ: 40 ಅಥವಾ ಹೆಚ್ಚು

ಇಷ್ಟಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದುಕೊಂಡರೆ, ತುಟಿ ನೀಲಿಯಾದರೆ, ಹಾಲು ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ದುಡ್ಡಿಲ್ಲವೆಂದು ಕಾಯಬೇಡಿ

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಪರೀಕ್ಷೆ ಉಚಿತ; ಆಸ್ಪತ್ರೆಗೆ ಹೋಗಲು ವಾಹನವೂ ಉಚಿತ. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತಿಗೆ 108ಕ್ಕೆ ಕರೆ ಮಾಡಿ.

ನೆನಪಿಡಿ: ಶೀತಕ್ಕೆ ಹೆಚ್ಚು ಔಷಧ ಬೇಡ, ಉಸಿರಾಟದ ಕಷ್ಟಕ್ಕೆ ತಡ ಬೇಡ. ಫಾರ್ವರ್ಡ್ ಮಾಡುವುದಾದರೆ ಈ ಉಸಿರೆಣಿಕೆಯ ಪಟ್ಟಿಯನ್ನು ಮಾಡಿ.