ಜೂನ್ 25: ಲಾರ್ಡ್ಸ್ ಮೈದಾನದ ಎರಡು ಶನಿವಾರಗಳು

ಪಂಚಾಂಗದ ದೃಷ್ಟಿಗೆ ಎಲ್ಲ ದಿನಗಳೂ ಒಂದೇ. ಅವುಗಳಲ್ಲಿ ಹೆಚ್ಚು ಕಡಮೆಗಳನ್ನು ಎಣಿಸುವವರು ನಾವು. ಕ್ರಿಕೆಟ್ಟಿನ ಚರಿತ್ರೆಯಲ್ಲಿ ಜೂನ್ 25 ನಮ್ಮ ದೇಶಕ್ಕೆ ಎರಡು ಬಾರಿ ಸ್ಮರಣೀಯವಾಯಿತು. ಎರಡು ಬಾರಿಯೂ ಶನಿವಾರವೇ, ಲಂಡನ್ನಿನ ಲಾರ್ಡ್ಸ್ ಮೈದಾನವೇ. ಎರಡನೆಯದನ್ನು ಬಲ್ಲವರು ಬಹುಮಂದಿ. ಆದುದರಿಂದ ಮೊದಲನೆಯದನ್ನೇ ತುಸು ವಿಸ್ತಾರವಾಗಿ ನೋಡೋಣ.

1932ರ ಆ ದಿನ ಭಾರತವು ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯಕ್ಕೆ ಇಳಿಯಿತು. ಪ್ರವಾಸದ ನಾಯಕರು ಪೋರಬಂದರಿನ ಮಹಾರಾಜರು. ಆ ಸ್ಥಾನವು ಅವರಿಗೆ ಸಿಂಹಾಸನದ ಬಲದಿಂದ ಬಂದಿತ್ತೇ ಹೊರತು ದಾಂಡಿನ ಬಲದಿಂದಲ್ಲ. ಆದರೆ ಟೆಸ್ಟಿನ ದಿನ ಅವರು ತಾವಾಗಿಯೇ ಹಿಂದೆ ಸರಿದರು. ರಾಜಮನೆತನದವರೇ ಆದ ಉಪನಾಯಕರೂ ಆಡಲಿಲ್ಲ. ನಾಯಕತ್ವವು ಆಟದಲ್ಲಿ ಹಿರಿಯರಾದ ಸಿ. ಕೆ. ನಾಯುಡು ಅವರಿಗೆ ಬಂದಿತು.

ಇಂಗ್ಲೆಂಡಿನ ಪರವಾಗಿ ಮೊದಲು ದಾಂಡು ಹಿಡಿದವರು ಹೋಮ್ಸ್ ಮತ್ತು ಸಟ್‌ಕ್ಲಿಫ್. ಅದೇ ತಿಂಗಳು ಯಾರ್ಕ್‌ಷೈರಿಗಾಗಿ ಜೊತೆಯಾಗಿ 555 ರನ್ನು ಕೂಡಿಸಿದ್ದ ಜೋಡಿ ಅದು. ಮಹಮ್ಮದ್ ನಿಸಾರರ ವೇಗದ ಚೆಂಡು ಇಬ್ಬರ ವಿಕೆಟ್ಟನ್ನೂ ಉರುಳಿಸಿತು. ವೂಲಿಯವರು ರನ್ ಔಟಾದರು. ಮೂರು ವಿಕೆಟ್ಟಿಗೆ ಕೇವಲ 19 ರನ್ನು! ಅನಂತರ ಜಾರ್ಡೀನರು ನಿಂತು ಆಡಿ 79 ರನ್ನು ಗಳಿಸಿ ತಮ್ಮವರನ್ನು ಕಾಪಾಡಿದರು. ಕೈಗೆ ಪೆಟ್ಟುಬಿದ್ದಿದ್ದರೂ ನಾಯುಡು ಅವರು 40 ರನ್ನು ಗಳಿಸಿದರು; ಎರಡನೆಯ ಸರದಿಯಲ್ಲಿ ಅಮರ್ ಸಿಂಗರು 51 ರನ್ನು ಹೊಡೆದರು. ಕೊನೆಗೆ ಭಾರತವು 158 ರನ್ನುಗಳಿಂದ ಸೋತಿತು.

ಐವತ್ತೊಂದು ವರ್ಷಗಳು ಸಂದವು. 1983ರಲ್ಲಿ ಅದೇ ದಿನ, ಅದೇ ಮೈದಾನದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಎದುರಾಳಿಗಳು ಹಿಂದಿನ ಎರಡು ಸಲವೂ ಕಪ್ಪನ್ನು ಗೆದ್ದ ವೆಸ್ಟ್ ಇಂಡೀಸಿನವರು. ಭಾರತ ಗಳಿಸಿದ್ದು 183 ರನ್ನು ಮಾತ್ರ. ರಿಚರ್ಡ್ಸರ ಏರು ಹೊಡೆತವನ್ನು ನಾಯಕ ಕಪಿಲ್ ದೇವ್ ಹಿಂದಕ್ಕೆ ಓಡಿ ಹಿಡಿದಲ್ಲಿಂದ ಪಂದ್ಯದ ಗತಿ ತಿರುಗಿತು. ಎದುರಾಳಿಗಳು 140ಕ್ಕೆ ಮುಗಿದರು. ನಮ್ಮ ಕರ್ನಾಟಕದ ರೋಜರ್ ಬಿನ್ನಿಯವರು ಆ ಪಂದ್ಯಾವಳಿಯಲ್ಲೆಲ್ಲ ಅತಿ ಹೆಚ್ಚು, ಎಂದರೆ 18, ವಿಕೆಟ್ಟುಗಳನ್ನು ಪಡೆದವರು. ವಿಕೆಟ್ಟಿನ ಹಿಂದೆ ನಿಂತ ಸಯ್ಯದ್ ಕಿರ್ಮಾನಿಯವರೂ ಕರ್ನಾಟಕದ ಆಟಗಾರರೇ.

ಮೊದಲ ಶನಿವಾರದ ಸೋಲನ್ನು ಎರಡನೆಯದರ ಗೆಲುವು ಅಳಿಸಿತೆಂದು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಹುಟ್ಟಿನ ಹಿರಿಮೆ ಯೋಗ್ಯತೆಗೆ ಎಡೆಬಿಟ್ಟುಕೊಟ್ಟದ್ದು ಆ ಮೊದಲ ದಿನವೇ. ಮುಂದೆ ಅನೇಕ ಸಲ ಈ ಪಾಠವನ್ನು ಮರೆತದ್ದೂ ಉಂಟು. ಕಪ್ಪನ್ನು ನೆನೆಯುವಾಗ ಆ 19 ರನ್ನುಗಳ ಬೆಳಗನ್ನೂ ನೆನೆಯುವುದು ನ್ಯಾಯ.