ಶಿವನಸಮುದ್ರ: ನಡುಗಡ್ಡೆಯಲ್ಲಿ ಒಂದು ಹಗಲು

ಶಿವನಸಮುದ್ರ ಕಾವೇರಿ ನದಿಯ ನಡುವಿನ ಒಂದು ದ್ವೀಪ. ಬಳಕೆಯಲ್ಲಿ ಈ ಹೆಸರು ಜಲಪಾತಕ್ಕೇ ಅಂಟಿಕೊಂಡಿದೆ. ಇದೊಂದು ನಡುಗಡ್ಡೆ, ಜಲಪಾತಗಳು ಅದರ ಎರಡು ಅಂಚುಗಳು ಎಂಬುದು ಬಂದು ಹೋಗುವ ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಇಲ್ಲಿ ನದಿ ಎರಡು ಕವಲಾಗಿ ಒಡೆಯುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕಿ ಕೆಳಗೆ ಮತ್ತೆ ಒಂದಾಗುತ್ತವೆ. ಗಗನಚುಕ್ಕಿಯ ವೀಕ್ಷಣಾ ಸ್ಥಳ ಮತ್ತು ವಿದ್ಯುದಾಗಾರ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದರೆ, ದ್ವೀಪದ ದೇವಸ್ಥಾನಗಳು ಮತ್ತು ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರುತ್ತವೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಿಂದ, ಎಂದರೆ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಹುಟ್ಟೂರಿನಿಂದ, ಮದ್ದೂರು, ಕೆ.ಎಂ. ದೊಡ್ಡಿ, ಮಳವಳ್ಳಿ ದಾಟಿ ಸುಮಾರು 50 ಕಿಲೋಮೀಟರಿನ ದಾರಿ. ಬೆಳಿಗ್ಗೆ ಹೊರಟು ಕತ್ತಲಾಗುವುದರೊಳಗೆ ಮನೆ ಸೇರಬಹುದಾದ ದೂರವಾದ್ದರಿಂದಲೇ ಈ ಪ್ರವಾಸಕ್ಕೆ ಯಾರೂ ಯೋಜನೆ ಹಾಕುವುದಿಲ್ಲ. ಆದರೆ ಇಲ್ಲಿನ ಹಗಲನ್ನು ಹಾಳುಮಾಡುವುದು ದೂರವಲ್ಲ, ತಪ್ಪು ಆರಂಭ. ಯೋಜನೆ ಜಲಪಾತದಿಂದ ಶುರುವಾಗದೆ ದ್ವೀಪದಿಂದ ಶುರುವಾಗಬೇಕು. ಗಡಿಯಾರಕ್ಕಿಂತ ಮೊದಲು ಅಣೆಕಟ್ಟೆಯ ಲೆಕ್ಕ ನೋಡಬೇಕು.

ದ್ವೀಪದಲ್ಲಿ ಒಂದು ಹಗಲು ಕಳೆಯುವುದನ್ನು ಒಂದು ಲೆಕ್ಕಾಚಾರವಾಗಿ ಬೆಳೆಸಿದವರು ಕೆರಿಬಿಯನ್ ಸಮುದ್ರದ ವಿಹಾರ ನೌಕೆಗಳ ಪ್ರಯಾಣಿಕರು. ಹಡಗು ಬೆಳಿಗ್ಗೆ ಬಂದರಿಗೆ ಬರುತ್ತದೆ, ಸಂಜೆ ಹೊರಡುತ್ತದೆ. ನಡುವೆ ಸಿಗುವುದು ಸಾಮಾನ್ಯವಾಗಿ ಎಂಟು–ಹತ್ತು ಗಂಟೆ. ಹಡಗಿನವರೇ ಏರ್ಪಡಿಸಿದ ಸುತ್ತಾಟದಲ್ಲಿ ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಹಡಗಿನ ಗಡಿಯಾರಕ್ಕೂ ದ್ವೀಪದ ಗಡಿಯಾರಕ್ಕೂ ಕೆಲವೊಮ್ಮೆ ಒಂದು ಗಂಟೆಯ ವ್ಯತ್ಯಾಸವಿದ್ದು, ಅದನ್ನು ಮರೆತವರು ದಡದಲ್ಲೇ ಉಳಿಯುವುದೂ ಉಂಟು. ಹೀಗಾಗಿ ಅನುಭವಸ್ಥರು ದಿನವನ್ನು ಸಂಜೆಯಿಂದ ಬೆಳಿಗ್ಗೆಯತ್ತ ಎಣಿಸುತ್ತಾರೆ: ಮರಳುವ ಹೊತ್ತು ಮೊದಲು ಗೊತ್ತುಮಾಡಿ, ದೂರದ್ದನ್ನು ಮೊದಲು ನೋಡಿ, ಬಂದರಿಗೆ ಹತ್ತಿರದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕರ್ನಾಟಕದಲ್ಲಿ ನವಮಂಗಳೂರು ಬಂದರಿಗೆ ಬರುವ ವಿದೇಶಿ ನೌಕೆಗಳ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಸಂತ ಅಲೋಶಿಯಸ್ ಚಾಪೆಲ್, ಕುದ್ರೋಳಿಯ ಗೋಕರ್ಣನಾಥ ದೇವಾಲಯಗಳನ್ನು ನೋಡಿ ಮರಳುವುದೂ ಇದೇ ಎಣಿಕೆಯ ಮೇಲೆ. ಸೋಮನಹಳ್ಳಿಯವರಿಗೆ ಹಡಗಿಲ್ಲ, ನಿಜ. ಆದರೆ ಮಳವಳ್ಳಿಯಿಂದ ಮದ್ದೂರಿಗೆ ಬರುವ ಕಡೇ ಬಸ್ಸು ಅವರ ಪಾಲಿನ ಹಡಗೇ. ಅದೂ ಯಾರಿಗೂ ಕಾಯುವುದಿಲ್ಲ.

ಆದರೂ ಕೆರಿಬಿಯನ್ ದ್ವೀಪಕ್ಕೂ ಶಿವನಸಮುದ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿನ ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ಇಲ್ಲಿನ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೀರು ಬರುವುದು ಸ್ಥಳದ ಮಳೆಯಿಂದಲೂ ಅಲ್ಲ. ಮದ್ದೂರು–ಮಳವಳ್ಳಿ ಬಯಲಿನಲ್ಲಿ ಜೋರು ಮಳೆ ಬೀಳುವುದು ಹೆಚ್ಚಾಗಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಜಲಪಾತವನ್ನು ತುಂಬಿಸುವುದು ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲೂ ಕೇರಳದ ವಯನಾಡಿನಲ್ಲೂ ಸುರಿಯುವ ಮಳೆ. ಸೋಮನಹಳ್ಳಿಯಲ್ಲಿ ಬಿಸಿಲು ಕಾಯುತ್ತಿರುವ ಆಷಾಢದ ದಿನ ಗಗನಚುಕ್ಕಿ ಮೊರೆಯುತ್ತಿರಬಹುದು. ಮೇ ತಿಂಗಳಲ್ಲಿ ಊರೆಲ್ಲ ಕೆಸರಾದ ಮಾರನೆಯ ದಿನ ಹೋದವರಿಗೆ ಬರೀ ಬಂಡೆ ಕಾಣಬಹುದು. ಕೊಡಗಿನ ನೀರನ್ನು ಕೃಷ್ಣರಾಜಸಾಗರ ಹಿಡಿದಿಡುತ್ತದೆ (ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ ಸುಮಾರು 49 ಟಿಎಂಸಿ), ವಯನಾಡಿನ ನೀರನ್ನು ಕಬಿನಿ ಜಲಾಶಯ ಹಿಡಿದಿಡುತ್ತದೆ (ಪೂರ್ಣ ಮಟ್ಟ 2,284 ಅಡಿ, ಸಾಮರ್ಥ್ಯ ಸುಮಾರು 19.5 ಟಿಎಂಸಿ). ಚಿಕ್ಕದಾದ ಕಬಿನಿ ಸಾಮಾನ್ಯವಾಗಿ ಮೊದಲು ತುಂಬುತ್ತದೆ. ತಿರುಮಕೂಡಲು ನರಸೀಪುರದಲ್ಲಿ ಅದು ಕಾವೇರಿಯನ್ನು ಸೇರುವುದರಿಂದ, ಕೃಷ್ಣರಾಜಸಾಗರ ಇನ್ನೂ ಅರ್ಧ ತುಂಬಿರುವಾಗಲೇ ಶಿವನಸಮುದ್ರಕ್ಕೆ ಜೀವ ಬಂದಿರುವುದು ಸಾಧ್ಯ. ಆದಕಾರಣ ದಿನಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಎರಡು ಸಾಲನ್ನೂ ನೋಡಬೇಕು, ಅದರಲ್ಲೂ ಹೊರಹರಿವಿನ ಕ್ಯೂಸೆಕ್ ಲೆಕ್ಕವನ್ನು. ಕೃಷ್ಣರಾಜಸಾಗರದ ಹೊರಹರಿವಿನಲ್ಲಿ ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ಪಾಲೂ ಸೇರಿರುತ್ತದೆ. ಆ ಪಾಲು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗೆ ಹೋಗುವ ನೀರು. ಜಲಪಾತಕ್ಕೆ ಲೆಕ್ಕ ಬರುವುದು ನದಿಗೆ ಬಿಟ್ಟದ್ದು ಮಾತ್ರ.

ಇದರಲ್ಲಿ ಮಂಡ್ಯದ ಓದುಗರಿಗೆ ಕಹಿಯಾದ ಒಂದು ಅಂಶವಿದೆ. ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಬಿಳಿಗುಂಡ್ಲು ಶಿವನಸಮುದ್ರದಿಂದ ಕೆಳಗಿದೆ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕ ವರ್ಷಕ್ಕೆ 177.25 ಟಿಎಂಸಿ ನೀರನ್ನು ಅಲ್ಲಿ ತಲುಪಿಸಬೇಕೆಂದು ನಿಗದಿ ಮಾಡಿತು. ಈ ಎರಡು ಅಣೆಕಟ್ಟೆಗಳಿಂದ ಅದರ ಲೆಕ್ಕಕ್ಕೆ ಬಿಡುವ ನೀರೆಲ್ಲ ದ್ವೀಪವನ್ನು ಬಳಸಿಯೇ ಹೋಗಬೇಕು. ಮಳೆ ಕೈಕೊಟ್ಟ ವರ್ಷ ಗಗನಚುಕ್ಕಿಯಲ್ಲಿ ನೀರು ಚೆನ್ನಾಗಿದೆ ಎಂದರೆ, ಅದೇ ವಾರ ಮದ್ದೂರಿನಲ್ಲೋ ಮಂಡ್ಯದಲ್ಲೋ ಹೆದ್ದಾರಿ ತಡೆ ನಡೆಯುತ್ತಿರುವ ಸಂಭವವೂ ಇದೆ. 2016 ಮತ್ತು 2023ರ ಸೆಪ್ಟೆಂಬರಿನಲ್ಲಿ ಹಾಗೆಯೇ ಆಯಿತು. ಪ್ರವಾಸದ ಕೈಪಿಡಿಗಳು ಈ ಮಾತನ್ನು ಎತ್ತುವುದಿಲ್ಲ. ಆದರೆ ದಾರಿ ತೆರೆದಿದೆಯೇ ಎಂದು ಹಿಂದಿನ ರಾತ್ರಿ ವಿಚಾರಿಸಿಕೊಳ್ಳುವುದೂ ಯೋಜನೆಯ ಭಾಗವೇ.

ನೀರಿನ ವಿಷಯ ತೀರ್ಮಾನವಾದ ಮೇಲೆ ಉಳಿಯುವುದು ದಾರಿಯ ವಿಷಯ. ವಾಡಿಕೆಯ ಪ್ರವಾಸಿ ಮಳವಳ್ಳಿಯಿಂದ ಕೊಳ್ಳೇಗಾಲದ ರಸ್ತೆಯಲ್ಲಿ ಬಂದು, ಎಡಕ್ಕೆ ತಿರುಗಿ, ಗಗನಚುಕ್ಕಿಯ ಕಟಕಟೆಗೆ ಒರಗಿ ಫೋಟೊ ತೆಗೆಸಿಕೊಂಡು, ಜೋಳ ತಿಂದು ಹಿಂದಿರುಗುತ್ತಾನೆ. ಆ ಕಟಕಟೆ ಇರುವುದು ದ್ವೀಪದ ಮೇಲಲ್ಲ. ಕಮರಿಯ ಈಚೆ, ಮಳವಳ್ಳಿಯ ದಡದಲ್ಲಿ. ಶಿವನಸಮುದ್ರ ನೋಡಿದೆನೆನ್ನುವವರಲ್ಲಿ ಅನೇಕರು ಶಿವನಸಮುದ್ರದ ನೆಲವನ್ನೇ ಮೆಟ್ಟಿರುವುದಿಲ್ಲ. ಹಡಗಿನ ಮೇಲ್ಕಟ್ಟಿನಿಂದ ದ್ವೀಪವನ್ನು ನೋಡಿ, ಇಳಿಯದೆ, ಹೋಗಿಬಂದೆ ಎನ್ನುವುದಕ್ಕೆ ಇದು ಸಮ. ದ್ವೀಪಕ್ಕೆ ಹೋಗಬೇಕಾದರೆ ಕೊಳ್ಳೇಗಾಲದ ರಸ್ತೆಯಲ್ಲೇ ಮುಂದುವರಿದು, ಕಾವೇರಿಯ ಸೇತುವೆ ದಾಟಿ, ಸತ್ತೇಗಾಲದ ಕಡೆಯಿಂದ ಎಡಕ್ಕೆ ಬರಬೇಕು. ಹಕ್ಕಿಗೆ ಕೂಗಳತೆಯಷ್ಟಿರುವ ಗಗನಚುಕ್ಕಿ–ಭರಚುಕ್ಕಿಗಳ ನಡುವೆ ರಸ್ತೆಯಲ್ಲಿ ಹತ್ತಾರು ಕಿಲೋಮೀಟರಿನ ಸುತ್ತು ಬೀಳುವುದು ಇದರಿಂದಲೇ. ಹಾಗಾಗಿ ಒಳ್ಳೆಯ ಕ್ರಮ ವಾಡಿಕೆಗೆ ತಿರುವುಮುರುವು: ಮೊದಲು ದ್ವೀಪದ ದೇವಸ್ಥಾನಗಳು, ಆಮೇಲೆ ಭರಚುಕ್ಕಿ, ಊಟ, ಮನೆಯ ಕಡೆ ಮುಖ ಮಾಡಿದ ಮೇಲೆ ಕೊನೆಯದಾಗಿ ಗಗನಚುಕ್ಕಿ. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಜಲಪಾತ ಹಾಕುವುದಿಲ್ಲ. ಈ ಕ್ರಮಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ದ್ವೀಪದ ಮುಖ್ಯ ದೇವರು ಜಗನ್ಮೋಹನ ರಂಗನಾಥ. ಶ್ರೀರಂಗಪಟ್ಟಣದ್ದು ಆದಿರಂಗ, ಇದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಮೂವರೂ ಕಾವೇರಿಯ ನಡುಗಡ್ಡೆಗಳಲ್ಲೇ ಪವಡಿಸಿದವರು. ಒಂದೇ ಹಗಲಿನಲ್ಲಿ ಮೂರೂ ರಂಗರ ದರ್ಶನ ಮಾಡಿದರೆ ಪುಣ್ಯ ಹೆಚ್ಚೆಂಬ ನಂಬಿಕೆ ಇದೆ. ಎಂದರೆ ದ್ವೀಪದಿಂದ ದ್ವೀಪಕ್ಕೆ ಹೊತ್ತು ನೋಡಿಕೊಂಡು ಓಡುವ ಪರಿಪಾಠ ವಿಹಾರ ನೌಕೆಯವರು ಕಂಡುಹಿಡಿದದ್ದೇನಲ್ಲ. ರಂಗನಾಥನ ಗುಡಿಯಿಂದಾಚೆ ಸೋಮೇಶ್ವರ, ಮೀನಾಕ್ಷಿ, ವೀರಭದ್ರ ಸನ್ನಿಧಿಗಳಿವೆ. ಗಗನಚುಕ್ಕಿಯ ನೆತ್ತಿಯ ಬಳಿ, ದ್ವೀಪದ ಕಡೆಯಲ್ಲಿ, ಹಜರತ್ ಮರ್ದಾನೆ ಗೈಬ್ ದರ್ಗಾ ಇದೆ. ವಿಜಯನಗರದ ಕಾಲದಲ್ಲಿ ಈ ದ್ವೀಪ ಉಮ್ಮತ್ತೂರಿನ ಪಾಳೆಯಗಾರರ ಕೋಟೆ. 16ನೇ ಶತಮಾನದ ಆರಂಭದಲ್ಲಿ ಗಂಗರಾಜ ಇಲ್ಲಿಂದ ಆಳುತ್ತಿದ್ದ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲೇ ಉಮ್ಮತ್ತೂರಿನ ಮೇಲೆ ದಂಡೆತ್ತಿ ಈ ಕೋಟೆಯನ್ನು ಹಿಡಿದ. ಗಂಗರಾಜನ ವಂಶದವರು ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ ಜಲಪಾತಕ್ಕೆ ಹಾರಿದರೆಂಬ ಐತಿಹ್ಯವನ್ನು ಎಷ್ಟು ನಂಬಬೇಕೋ ಅಷ್ಟು ನಂಬಬಹುದು. ಕೋಟೆ ಬಿದ್ದ ಮೇಲೆ ಕಾಡು ಬೆಳೆದ ದ್ವೀಪಕ್ಕೆ ಮತ್ತೆ ದಾರಿ ಮಾಡಿದವರು 19ನೇ ಶತಮಾನದ ಪೂರ್ವಾರ್ಧದ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್. ನದಿಯ ಬಂಡೆಯ ಮೇಲೆ ಕಲ್ಲುಕಂಬ ನಿಲ್ಲಿಸಿ ಅದರ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ ಅವರು ಸೇತುವೆಗಳನ್ನು ಕಟ್ಟಿಸಿದರು. ಅವುಗಳಲ್ಲಿ ವೆಲ್ಲೆಸ್ಲಿ ಹೆಸರಿನದನ್ನು ಜನ ‘ವೆಸ್ಲಿ ಸೇತುವೆ’ ಎನ್ನುತ್ತಾರೆ. ಈಚಿನ ಪ್ರವಾಹಗಳಲ್ಲಿ ಅದರ ಒಂದು ಭಾಗ ಕುಸಿದಿದೆ. ಮುರಿದ ಸೇತುವೆಯ ಮುಂದೆ ಹತ್ತು ನಿಮಿಷ ನಿಂತರೆ, ಈ ನದಿಯ ಬಗ್ಗೆ ಕಟಕಟೆಯ ಬಳಿ ತಿಳಿಯದ ಕೆಲವು ಸಂಗತಿ ತಿಳಿಯುತ್ತದೆ.

ನೀರಿಲ್ಲದ ದಿನ ಹೋದರೆ ಹಗಲು ವ್ಯರ್ಥವಲ್ಲವೇ ಎಂಬುದು ಮೊದಲ ಆಕ್ಷೇಪ. ಜಲಪಾತವೊಂದೇ ಗುರಿಯಾದರೆ ವ್ಯರ್ಥವೇ ಸರಿ. ದ್ವೀಪ ಗುರಿಯಾದರೆ ಅಲ್ಲ. ಬೇಸಗೆಯಲ್ಲಿ ಭರಚುಕ್ಕಿಯ ಬುಡಕ್ಕೆ ಮೆಟ್ಟಿಲಿಳಿದು ಹೋಗಬಹುದು, ಹರಿಗೋಲು ಆಡುವುದೂ ಆಗಲೇ. ಹೊಳೆ ತುಂಬಿದಾಗ ಆ ದಾರಿಯನ್ನೇ ಮುಚ್ಚುತ್ತಾರೆ. ಮೇಲಾಗಿ, ನೀರು ಏಕೆ ಇಲ್ಲ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಬೇಸಗೆಯ ಸಣ್ಣ ಹರಿವಿನ ಬಹುಪಾಲನ್ನು ಜಲಪಾತದ ಮೇಲೇ ಒಡ್ಡು ಕಟ್ಟಿ ನಾಲೆಗೆ ತಿರುಗಿಸಿ ವಿದ್ಯುತ್ತಿಗೆ ಬಳಸುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೊಂಡು, ಜೋಲಿ ಡಿ ಲಾಟ್‌ಬಿನಿಯರ್ ಎಂಬ ಎಂಜಿನಿಯರ್ ಮುಂದೆ ನಿಂತು ನಡೆಸಿದ ಈ ಯೋಜನೆಯಿಂದ 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆಗಿನ ಜಗತ್ತಿನ ಬಲು ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಏಷ್ಯಾದಲ್ಲೇ ಮೊದಲ ಜಲವಿದ್ಯುದಾಗಾರ ಎಂದು ಇದನ್ನು ಹೊಗಳುವ ವಾಡಿಕೆಯಿದೆ, ಅದು ಸರಿಯಲ್ಲ: ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ 1897ರದ್ದು. ತಂತಿಮಾರ್ಗದ ಉದ್ದವೇ ಹೊಗಳಿಕೆಗೆ ಸಾಲುತ್ತಿರುವಾಗ ಇಲ್ಲದ ಬಿರುದು ಏಕೆ ಬೇಕೋ ತಿಳಿಯದು. ಗಣಿಗೆ ಬೇಸಗೆಯಲ್ಲೂ ವಿದ್ಯುತ್ ತಪ್ಪಬಾರದೆಂಬುದು ಕೃಷ್ಣರಾಜಸಾಗರ ಕಟ್ಟಲು ಸರ್ ಎಂ. ವಿಶ್ವೇಶ್ವರಯ್ಯ ಮುಂದಿಟ್ಟ ಕಾರಣಗಳಲ್ಲೊಂದು. 1940ರ ಹೊತ್ತಿಗೆ ಕಾವೇರಿಯ ಇನ್ನೊಂದು ಪಾಲನ್ನು ಶಿಂಷಾಪುರದ ವಿದ್ಯುದಾಗಾರಕ್ಕೆ ಒಯ್ದು ಶಿಂಷಾ ನದಿಗೆ ಬಿಡುವ ಏರ್ಪಾಡಾಯಿತು. ಮದ್ದೂರಿನ ಪಕ್ಕದಲ್ಲಿ ಹರಿಯುವ ಅದೇ ಶಿಂಷೆ. ವಿದ್ಯುದಾಗಾರದ ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಬೇಕು. ಅದನ್ನು ಬಾಗಿಲಲ್ಲಿ ನಿಂತು ಕೇಳುವುದು ಹೊತ್ತು ಕಳೆಯುವ ಕೆಲಸ.

ಇಷ್ಟು ದೂರ ಬಂದ ಮೇಲೆ ತಲಕಾಡು, ಸೋಮನಾಥಪುರ, ಮುತ್ತತ್ತಿಗಳನ್ನೂ ಮುಗಿಸಿಬಿಡಬಾರದೇಕೆ ಎಂಬುದು ಇನ್ನೊಂದು ಆಕ್ಷೇಪ. ಬಾಡಿಗೆ ವ್ಯಾನು ಮಾಡಿಕೊಂಡವರು ಇದನ್ನು ಗಟ್ಟಿಯಾಗಿಯೇ ಕೇಳುತ್ತಾರೆ, ಅವರ ಲೆಕ್ಕವೂ ತಳ್ಳಿಹಾಕುವಂಥದ್ದಲ್ಲ: ಬಾಡಿಗೆ ದಿನದ್ದು, ಊರಿನದ್ದಲ್ಲ. ತಲಕಾಡು ದೂರವಿಲ್ಲ, ಮರಳಿನಲ್ಲಿ ಹುದುಗಿದ ಪಂಚಲಿಂಗಗಳ ಊರನ್ನು ಬಿಟ್ಟುಬರಲು ಮನಸ್ಸೂ ಬಾರದು. ಆದರೆ ಪ್ರತಿ ಹೆಚ್ಚುವರಿ ಊರಿಗೂ ಇಳಿಯುವ, ಚಪ್ಪಲಿ ಬಿಡುವ, ಮಕ್ಕಳನ್ನು ಒಟ್ಟುಗೂಡಿಸಿ ಮತ್ತೆ ಹತ್ತಿಸುವ ಹೊತ್ತು ಬೇರೆಯೇ ತಗಲುತ್ತದೆ. ಸೇಂಟ್ ಲೂಸಿಯಾದಲ್ಲಿ ಕ್ಯಾಸ್ಟ್ರೀಸ್ ಬಂದರಿನಿಂದ ಪಿಟಾನ್ ಬೆಟ್ಟಗಳವರೆಗಿನ ತಿರುವುಮುರುವಿನ ರಸ್ತೆಯಲ್ಲಿ ಹೋಗಿಬರುವವರಿಗೆ ದಿನದ ಬಹುಭಾಗ ಕಿಟಕಿಯಲ್ಲೇ ಕಳೆಯುತ್ತದೆ. ಕಬ್ಬು ನುರಿಯುವ ಕಾಲದಲ್ಲಿ ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿದ ಗಾಡಿ, ಲಾರಿಗಳ ಹಿಂದೆ ಸಿಕ್ಕಿಕೊಂಡವರಿಗೂ ಅಷ್ಟೇ. ತಲಕಾಡನ್ನು ಸೇರಿಸಲೇಬೇಕೆಂದರೆ ಭರಚುಕ್ಕಿ, ಗಗನಚುಕ್ಕಿಗಳಲ್ಲಿ ಒಂದನ್ನು ಬಿಡಬೇಕು. ಬಿಡಬಹುದಾದದ್ದು ಗಗನಚುಕ್ಕಿಯೇ, ಏಕೆಂದರೆ ಅದು ಮಳವಳ್ಳಿ ರಸ್ತೆಗೆ ಹತ್ತಿರ. ಇನ್ನೊಂದು ಭಾನುವಾರಕ್ಕೆ ಸಿಗುತ್ತದೆ.

ಯೋಜನೆ ಹಾಕಿದ ಪ್ರವಾಸದಲ್ಲಿ ಸುಖವಿಲ್ಲ, ಹೊಳೆ ಕಂಡಲ್ಲಿ ಇಳಿದು ಆಡುವುದೇ ಪ್ರವಾಸ ಎನ್ನುವವರೂ ಇದ್ದಾರೆ. ಬೇರೆ ಕಡೆ ಈ ಮಾತಿಗೆ ಬೆಲೆಯಿರಬಹುದು. ಜಮೈಕಾದ ಡನ್ಸ್ ರಿವರ್ ಜಲಪಾತದಲ್ಲಿ ಜನ ಕೈಕೈ ಹಿಡಿದು ನೀರಿನಲ್ಲೇ ಮೇಲಕ್ಕೆ ಹತ್ತುತ್ತಾರೆ. ಅದು ಮೆಟ್ಟಿಲಿನಂಥ ಸುಣ್ಣಕಲ್ಲಿನ ಮೇಲಿನ ಸೌಮ್ಯ ಹರಿವು, ಜೊತೆಗೆ ಮಾರ್ಗದರ್ಶಕರೂ ಇರುತ್ತಾರೆ. ಗಗನಚುಕ್ಕಿ ಹಾಗಲ್ಲ. ಹಿಂದೆ ದ್ವೀಪದ ಕಡೆಯಿಂದ ಜಲಪಾತದ ನೆತ್ತಿಯ ಬಂಡೆಗಳಿಗೆ ಇಳಿದು ಜಾರಿ ಸತ್ತವರಿದ್ದಾರೆ, ಅಲ್ಲಿಗೆ ನಿರ್ಬಂಧ ಬಂದದ್ದು ಅದರಿಂದಲೇ. ಅಣೆಕಟ್ಟೆಯ ನೀರು ಬಿಡುವುದು ಮೇಲೆ ನೂರಾರು ಗದ್ದೆ, ಊರು ದಾಟಿದಾಚೆ. ನೆತ್ತಿಯ ಮೇಲೆ ಮೋಡವೇ ಇಲ್ಲದಾಗಲೂ ಹೊಳೆ ಏರಬಹುದು. ಬಂಡೆಯ ಮೇಲೆ ಬುತ್ತಿ ಬಿಚ್ಚುವುದಕ್ಕಿಂತ ಗುಡಿಯ ಬಳಿಯ ನೆರಳು ಮೇಲು. ಚಿತ್ರಾನ್ನ, ಮೊಸರನ್ನವನ್ನು ಮುಚ್ಚಳ ಭದ್ರವಿರುವ ಡಬ್ಬಿಯಲ್ಲೇ ಒಯ್ಯಬೇಕು, ಕೋತಿಗಳು ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ.

ಬಸ್ಸಿನಲ್ಲಿ ಹೋಗುವವರು ಮದ್ದೂರಿನಿಂದ ಮಳವಳ್ಳಿಗೆ, ಅಲ್ಲಿಂದ ಕೊಳ್ಳೇಗಾಲದ ಬಸ್ಸಿಗೆ ಬದಲಾಯಿಸಬೇಕು. ಸತ್ತೇಗಾಲದ ಬಳಿ ಇಳಿದ ಮೇಲೆ ಆಟೊ. ಆಟೊದವರನ್ನು ಹೋಗಿಬರುವ ಎರಡೂ ದಾರಿಗೆ ಮಾತಾಡಿಕೊಳ್ಳದಿದ್ದರೆ ದ್ವೀಪದಿಂದ ಹೊರಬರುವ ವಾಹನಕ್ಕಾಗಿ ಕಾಯಬೇಕಾದೀತು. ಮಳವಳ್ಳಿ ನಿಲ್ದಾಣದಲ್ಲಿ ಬೆಳಿಗ್ಗೆ ಬಸ್ಸು ಬದಲಾಯಿಸುವಾಗಲೇ ವಿಚಾರಣೆಯ ಕಿಟಕಿಯಲ್ಲಿ ಮದ್ದೂರಿನ ಕಡೇ ಬಸ್ಸಿನ ಹೊತ್ತು ಕೇಳಿಕೊಂಡು, ಅದಕ್ಕಿಂತ ಒಂದು ಬಸ್ಸು ಹಿಂದಿನದನ್ನು ತಮ್ಮದೆಂದು ಎಣಿಸಿಕೊಳ್ಳುವುದು ಒಳ್ಳೆಯದು. ಅದು ಸಿಕ್ಕರೆ ಮದ್ದೂರಿನಲ್ಲಿ ಇಳಿದು ವಡೆ ತಿನ್ನುವಷ್ಟು ಹೊತ್ತು ಉಳಿಯುತ್ತದೆ.